ಸಾಲಿಗೆ ನಿಲ್ಲದವಳ ಕಣ್ಣು

ಅಂದು ಮಾಡಿದ ಕೆಲಸಗಳು ಇಷ್ಟು. ಐದಕ್ಕೆ ಎದ್ದು ನಲ್ಲಿಯ ನೀರು ಹಿಡಿದೆ. ಅತ್ತೆಯ ಬಿ.ಪಿ. ಮಾತ್ರೆಯನ್ನು ಲೋಟದ ಪಕ್ಕ ಇಟ್ಟೆ. ಅಕ್ಕಿರೊಟ್ಟಿ ತಟ್ಟಿ ಇವರ ಡಬ್ಬಿಗೆ ಮೂರು ಹಾಕಿದೆ. ಶಿಬಿರದ ದಿನ ಊಟ ಹಳ್ಳಿಯಲ್ಲೇ ಆಗುವುದರಿಂದ ನಾನು ಡಬ್ಬಿ ಕಟ್ಟಿಕೊಳ್ಳಲಿಲ್ಲ. ಕಡೂರಿನಿಂದ ಮೊದಲ ಬಸ್ಸಿಗೆ ತರೀಕೆರೆಗೆ ಹೋಗಿ, ಆಸ್ಪತ್ರೆಯಲ್ಲಿ ಹನಿ ಬಾಟಲಿ ಎಣಿಸಿ, ಅಕ್ಷರದ ಬೋರ್ಡು ಒರೆಸಿ, ರಿಜಿಸ್ಟರಿಗೆ ಗೆರೆ ಎಳೆದು, ಟಾರ್ಚಿಗೆ ಹೊಸ ಸೆಲ್ಲು ಹಾಕಿ ವ್ಯಾನು ಹತ್ತಿದೆ.

ನಾನು ಆ ಕಣ್ಣಿನ ಆಸ್ಪತ್ರೆಯಲ್ಲಿ ನೇತ್ರ ಸಹಾಯಕಿ. ವಾರಕ್ಕೆರಡು ದಿನ ಹಳ್ಳಿಗಳಲ್ಲಿ ತಪಾಸಣಾ ಶಿಬಿರ ಇರುತ್ತದೆ. ಅಂದಿನದು ಅಜ್ಜಂಪುರದ ಆಚೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ.

ಶಿಬಿರದ ಕೆಲಸಕ್ಕೆ ಒಂದು ಕ್ರಮವಿದೆ. ಮೊದಲು ಹೆಸರು, ವಯಸ್ಸು ಬರೆಯುವುದು. ಆಮೇಲೆ ಬೋರ್ಡು ಓದಿಸುವುದು. ಮೂರನೆಯದು ಟಾರ್ಚು. ಕಿವಿಯ ಕಡೆಯಿಂದ, ಓರೆಯಾಗಿ ಬೆಳಕು ಬಿಡಬೇಕು. ಕಣ್ಣಿನ ನಡುವಿನ ಕಪ್ಪು ಪಾಪೆಯ ಸುತ್ತಲಿನ ಕಂದು ಪರದೆಯ ಮೇಲೆಲ್ಲ ಬೆಳಕು ಸಮನಾಗಿ ಬಿದ್ದರೆ ಕಣ್ಣಿನ ಮುಂಭಾಗದಲ್ಲಿ ಜಾಗ ಸಾಕಷ್ಟಿದೆ ಎಂದರ್ಥ. ಮೂಗಿನ ಕಡೆ ನೆರಳು ಬಿದ್ದರೆ ಪರದೆ ಮುಂದಕ್ಕೆ ಉಬ್ಬಿದೆ, ಜಾಗ ಕಿರಿದಾಗಿದೆ. ಅಂಥ ಕಣ್ಣಿಗೆ ಪಾಪೆ ಹಿಗ್ಗಿಸುವ ಹನಿ ಹಾಕಬಾರದು. ಹಾಕಿದರೆ ಪರದೆ ಮಡಚಿಕೊಂಡು ಹೋಗಿ, ಕಣ್ಣಿನ ಒಳನೀರು ಹೊರಗೆ ಹರಿಯುವ ಮೂಲೆಯನ್ನು ಮುಚ್ಚಿಬಿಡಬಹುದು. ನೆರಳಿಲ್ಲದವರಿಗೆ ಹನಿ ಹಾಕಿ, ಹಾಕಿದ ಗುರುತಿಗೆ ಹಣೆಯ ಮೇಲೆ ತುಂಡು ಪ್ಲಾಸ್ಟರ್ ಅಂಟಿಸಿ, ಜಗಲಿಯ ಮೇಲೆ ಕೂರಿಸುತ್ತೇವೆ. ಆಮೇಲೆ ಡಾಕ್ಟರು ಒಳಗಣ್ಣು ನೋಡುತ್ತಾರೆ. ಟಾರ್ಚಿನ ಕೆಲಸಕ್ಕೆ ಒಂದು ಕಣ್ಣಿಗೆ ಹದಿನೈದು ಸೆಕೆಂಡು ಬೇಕು, ಅಷ್ಟೇ.

ಮಧ್ಯಾಹ್ನ ಊಟ ಬಡಿಸಿದಾಕೆ ಆ ಶಾಲೆಯ ಬಿಸಿಯೂಟದ ಅಡುಗೆಯವಳು. ಐವತ್ತು ದಾಟಿದ, ಗಿಡ್ಡನೆಯ, ಗಟ್ಟಿ ದನಿಯ ಹೆಂಗಸು. ನಮ್ಮ ವ್ಯಾನಿನ ಡ್ರೈವರನನ್ನು ನೋಡಿದ ಕೂಡಲೇ, "ಏನಪ್ಪಾ, ಸ್ಟೇರಿಂಗ್ ಹಿಡ್ಯೋ ಕೈ ಅನ್ನಕ್ಕೆ ಇಷ್ಟೇನಾ ಹಿಡ್ಯೋದು?" ಎನ್ನುತ್ತ, ಬೇಕೇ ಎಂದು ಕೇಳದೆಯೇ ಇನ್ನೊಂದು ಸೌಟು ಹಾಕಿದಳು. ನನಗೂ ಹಾಗೇ. ಬೇಡವೆಂದು ಅಡ್ಡ ಹಿಡಿದ ಕೈಯ ಮೇಲೆಯೇ ಸಾರು ಸುರಿಯುವ ಜಾತಿಯ ಬಡಿಸುವಿಕೆ.

ಕೈ ತೊಳೆಯಲು ಹೋದಾಗ ಆಕೆ ಹಿಂದೆಯೇ ಬಂದಳು.

"ಮೇಡಂ, ಅಕ್ಕಿಯಾಗೆ ಕಲ್ಲು ಕಾಣ್ಸಾಕಿಲ್ಲ ನಂಗೆ. ಮಕ್ಳು ಹಲ್ಲಿಗೆ ಸಿಕ್ತು ಅಂತ ಮೇಷ್ಟ್ರತ್ರ ಹೇಳ್ತವೆ. ಸ್ವಲ್ಪ ನೋಡ್ತೀರಾ?"

ಹೊರಗೆ ಸಾಲು ಗೇಟಿನವರೆಗೆ ಇತ್ತು. ನಮಗೆ ಉಣ್ಣಲು ಇಕ್ಕಿದವಳನ್ನು ಕೊನೆಗೆ ಹೋಗಿ ನಿಲ್ಲು ಎನ್ನುವುದು ಹೇಗೆ? ಹನಿಯ ಬಾಟಲಿ ಕೋಟಿನ ಜೇಬಿನಲ್ಲೇ ಇತ್ತು. ಟಾರ್ಚು ಹೊರಗೆ ಮೇಜಿನ ಮೇಲಿತ್ತು.

"ನೀವು ಲೈನಿಗೆ ನಿಲ್ಬೇಡಿ ಅಕ್ಕ. ಇಲ್ಲೇ ಹಾಕ್ಬಿಡ್ತೀನಿ. ಪಾತ್ರೆ ತೊಳ್ಕೊಂಡು ಬನ್ನಿ, ಡಾಕ್ಟ್ರಿಗೆ ತೋರಿಸ್ತೀನಿ" ಎಂದೆ.

ಒಲೆಯ ಪಕ್ಕ, ಗೋಡೆಗೆ ತಲೆ ಆನಿಸಿ ನಿಂತಳು. ಎರಡೂ ಕಣ್ಣಿಗೆ ಹಾಕಿದೆ. ಬೆವರಿದ ಹಣೆಗೆ ಪ್ಲಾಸ್ಟರ್ ಅಂಟದು ಎಂದು ಬಿಟ್ಟೆ. ರಿಜಿಸ್ಟರು ಹೊರಗಿತ್ತು, ಆಮೇಲೆ ಬರೆದರಾಯಿತು ಎಂದುಕೊಂಡೆ.

ಆಮೇಲೆ ಸಾಲಿನಲ್ಲಿ ಒಬ್ಬ ಅಜ್ಜ ತಲೆ ತಿರುಗಿ ಕುಸಿದು ಕೂತ. ಅವನಿಗೆ ನೀರು ಕೊಟ್ಟು, ಗಾಳಿ ಹಾಕಿ, ಅಷ್ಟರಲ್ಲಿ ಮೂರೂವರೆಯಾಯಿತು. ಡಾಕ್ಟರು ರಿಜಿಸ್ಟರ್ ನೋಡಿ ಹೆಸರು ಕೂಗಿಸಿದರು. ಆಕೆಯ ಹೆಸರು ಅದರಲ್ಲಿ ಇರಲಿಲ್ಲ, ಯಾರೂ ಕೂಗಲಿಲ್ಲ. ನಾನು ಮರೆತೆ. ವ್ಯಾನು ಹೊರಟಾಗ ಅಡುಗೆಮನೆಯ ಬಾಗಿಲಲ್ಲಿ ನಿಂತು, ಬಿಸಿಲಿಗೆ ಸೆರಗು ಅಡ್ಡ ಹಿಡಿದು ಆಕೆ ಕೈ ಬೀಸಿದಳು. ಆ ಹನಿ ಹಾಕಿದವರಿಗೆ ಬೆಳಕು ಚುಚ್ಚುತ್ತದೆ. ಕೈ ಬೀಸಿದ್ದನ್ನು ನೋಡಿದೆ, ಸೆರಗು ಅಡ್ಡ ಹಿಡಿದದ್ದನ್ನೂ ನೋಡಿದೆ. ಆದರೂ ನೆನಪಾಗಲಿಲ್ಲ.

ಮೂರು ವಾರ ಕಳೆದು, ದಸರಾ ರಜೆ ಶುರುವಾದ ಮಾರನೆಯ ದಿನ, ಆಕೆ ಸೊಸೆಯ ಕೈ ಹಿಡಿದು ತರೀಕೆರೆಯ ಆಸ್ಪತ್ರೆಗೆ ಬಂದಳು. ಮುಖ ನೋಡುವ ಮೊದಲೇ ದನಿ ಕೇಳಿ ಗುರುತು ಹಿಡಿದೆ.

"ನೀವಾ ಮೇಡಂ! ಅವತ್ತು ನಮ್ಮ ಸ್ಕೂಲಾಗೆ ಉಂಡ್ರಲ್ಲ" ಎಂದಳು. ಎಡಗಣ್ಣಿನಿಂದ ನನ್ನನ್ನು ನೋಡುತ್ತಿದ್ದಳು. ಬಲಗಣ್ಣು ಮಸುಕಾಗಿತ್ತು. ಪಾಪೆ ಅರ್ಧ ಹಿಗ್ಗಿ, ಮೊಟ್ಟೆಯ ಆಕಾರಕ್ಕೆ ತಿರುಗಿ ನಿಂತುಬಿಟ್ಟಿತ್ತು. ಟಾರ್ಚು ಬಿಟ್ಟೆ, ಅಲುಗಲಿಲ್ಲ.

ಸೊಸೆ ಹೇಳಿದಳು: "ಅವತ್ತು ಕ್ಯಾಂಪ್ ಮುಗುದ್ ರಾತ್ರಿ ಶುರುವಾಗಿದ್ದು. ತಲೆ ಒಡುದು ಹೋಗೋ ಹಂಗೆ ನೋವು. ವಾಂತಿ. ಬಲ್ಬಿನ ಸುತ್ತ ಬಣ್ಣಬಣ್ಣದ ಬಳೆ ಕಾಣ್ತವೆ ಅಂದ್ರು. ಪಿತ್ತ ಅಂತ ನಿಂಬೆಹಣ್ಣಿನ ನೀರು ಕೊಟ್ವಿ. ಮೆಡಿಕಲ್ ಶಾಪಿನಾಗೆ ಮಾತ್ರೆ ತಂದ್ವಿ. ಎಂಟು ದಿನಕ್ಕೆ ನೋವು ಇಳೀತು, ಕಣ್ಣು ಮಾತ್ರ ಮಂಜು."

"ರಜಾ ಹಾಕಿದ್ರೆ ಮಕ್ಳಿಗೆ ಅನ್ನ ಯಾರು ಮಾಡ್ತಾರೆ?" ಎಂದು ಆಕೆ ನಡುವೆ ಬಾಯಿ ಹಾಕಿ ಡಾಕ್ಟರ ಕಡೆ ತಿರುಗಿದಳು. "ಎಲ್ಲ ಒಲೆ ಕಾವು ಸಾರ್. ಹನ್ನೆರಡು ವರ್ಷ ಒಲೆ ಮುಂದೆ ಕುಂತಿದ್ದೀನಿ."

ಬಲಗಣ್ಣಿನೊಳಗಿನ ಒತ್ತಡ ಅಳೆದೆ. ಇಪ್ಪತ್ತೊಂದು ದಾಟಿದರೆ ನಾವು ಎರಡನೆಯ ಸಲ ನೋಡುತ್ತೇವೆ. ಆಕೆಯದು ನಲವತ್ತೆಂಟು. ಕಣ್ಣ ಮುಂದೆ ಬೆರಳು ಹಿಡಿದರೆ ಎಣಿಸಲು ಬರಲಿಲ್ಲ, ಕೈ ಆಡಿಸಿದ್ದು ಮಾತ್ರ ಗೊತ್ತಾಯಿತು.

"ಕ್ಯಾಂಪಲ್ಲಿ ತೋರಿಸಿದ್ರಾ ಅಮ್ಮ?" ಎಂದು ಡಾಕ್ಟರು ಕೇಳಿದರು.

"ಇಲ್ಲ ಸಾರ್. ಲೈನಿಗೆ ನಿಲ್ಲಾಕೆ ಎಲ್ಲಿತ್ತು ಪುರುಸೊತ್ತು?"

ಆಕೆ ಸುಳ್ಳು ಹೇಳಲಿಲ್ಲ. ಸಾಲಿಗೆ ನಿಂತಿರಲಿಲ್ಲ. ಎರಡು ಹನಿ ಔಷಧ ಆಕೆಯ ಲೆಕ್ಕದಲ್ಲಿ ತೋರಿಸಿದ್ದೇ ಅಲ್ಲ. ಡಾಕ್ಟರು ನನ್ನತ್ತ ತಿರುಗಲಿಲ್ಲ, ಚೀಟಿಯಲ್ಲಿ "ಹನಿ ಹಾಕಿಲ್ಲ" ಎಂದು ಬರೆದರು. ನಾನು ಪಕ್ಕದಲ್ಲಿ ಹತ್ತಿ ಹಿಡಿದು ನಿಂತಿದ್ದೆ. ಬಾಯಿ ತೆರೆಯಬಹುದಿತ್ತು.

ಆಮೇಲೆ ಮೂಲೆ ನೋಡುವ ಪರೀಕ್ಷೆ. ಕಣ್ಣು ಜೋಮು ಹಿಡಿಸಿ, ಒಳಗೆ ನಾಲ್ಕು ಸಣ್ಣ ಕನ್ನಡಿಗಳಿರುವ ಮಸೂರವನ್ನು ಗುಡ್ಡೆಯ ಮೇಲೆ ಇಡುತ್ತಾರೆ. ನೇರ ನೋಟಕ್ಕೆ ಸಿಗದ ಮೂಲೆ ಕನ್ನಡಿಯಲ್ಲಿ ಕಾಣುತ್ತದೆ, ಪಕ್ಕದ ಮಾನಿಟರಿನ ಮೇಲೆ ನಮಗೂ ಕಾಣುತ್ತದೆ. ಮೂಲೆ ಮುಚ್ಚಿದ್ದರೆ ಮಸೂರವನ್ನು ಮೆಲ್ಲಗೆ ಒತ್ತಬೇಕು. ಒತ್ತಿದಾಗ ನೀರು ಬದಿಗೆ ಸರಿದು ಕಂದು ಪರದೆಯನ್ನು ಹಿಂದಕ್ಕೆ ತಳ್ಳುತ್ತದೆ. ಪರದೆ ಸುಮ್ಮನೆ ಒರಗಿಕೊಂಡಿದ್ದರೆ ಮೂಲೆ ತೆರೆದುಕೊಳ್ಳುತ್ತದೆ. ಅಂಟಿಕೊಂಡಿದ್ದರೆ ಇಲ್ಲ.

ಬಚ್ಚಲ ಜಾಲರಿಯ ಮೇಲೆ ಒದ್ದೆ ಬಟ್ಟೆ ಬಿದ್ದರೆ ಆಗಲೇ ಎತ್ತಬಹುದು. ದಿನಗಟ್ಟಲೆ ಬಿಟ್ಟು ಅಲ್ಲೇ ಒಣಗಿದರೆ ಎಳೆದರೂ ಬರದು, ಬಂದರೂ ಹರಿದು ಬರುತ್ತದೆ. ಬಲಗಣ್ಣಿನಲ್ಲಿ ಡಾಕ್ಟರು ಒತ್ತಿದರು. ಮೇಲೆ, ಕೆಳಗೆ, ಮೂಗಿನ ಕಡೆ, ಕಿವಿಯ ಕಡೆ. ಎಲ್ಲೂ ಬಿಡಲಿಲ್ಲ. ಕಂದು ಅಂಚು ಸುತ್ತಲೂ ಗೋಡೆಗೆ ಮೆತ್ತಿಕೊಂಡು ಕೂತಿತ್ತು. ಎಡಗಣ್ಣಿನ ಮೂಲೆಯೂ ಮುಚ್ಚಿತ್ತು, ಆದರೆ ಒತ್ತಿದ ಕಡೆಯೆಲ್ಲ ತೆರೆದುಕೊಂಡಿತು. ಮೇಲ್ಭಾಗದಲ್ಲಿ ಒಂದು ಅಕ್ಕಿಕಾಳಿನಷ್ಟು ಜಾಗ ಮಾತ್ರ ಬಿಡಲಿಲ್ಲ.

"ಇಲ್ಲಿ ಶುರುವಾಗಿದೆ" ಎಂದರು ಡಾಕ್ಟರು.

ಬಲಗಣ್ಣಿನ ಒತ್ತಡ ಇಳಿಸಬಹುದು, ಹೋದ ನೋಟ ತರಲಾಗದು ಎಂದು ತಿಳಿಸಿದರು. ಎಡಗಣ್ಣಿಗೆ ಇವತ್ತೇ ಲೇಸರ್‌ನಿಂದ ಪರದೆಯಲ್ಲಿ ಸೂಜಿಮೊನೆಯಷ್ಟು ರಂಧ್ರ ಮಾಡಿದರೆ ನೀರಿಗೆ ಇನ್ನೊಂದು ದಾರಿಯಾಗಿ ಪರದೆ ಹಿಂದೆ ಸರಿಯುತ್ತದೆ ಎಂದರು.

ಆಕೆ ಎದ್ದು ನಿಂತಳು. "ಒಂದು ಹೋಯ್ತು. ಇರೋ ಒಂದಕ್ಕೆ ತೂತು ಕೊರೀತೀನಿ ಅಂತೀರಲ್ಲ ಸಾರ್, ಚೆನ್ನಾಗೈತೆ ನಿಮ್ ವ್ಯವಹಾರ. ಈ ಕಣ್ಣಿಗೆ ಏನೂ ಆಗಿಲ್ಲ. ಒಲೆ ಬಿಟ್ರೆ ಆಯ್ತು."

ಸೊಸೆ ಬೇಡಿಕೊಂಡಳು, ಕೇಳಲಿಲ್ಲ. ಕೊನೆಗೆ ಮುಂದಿನ ಮಂಗಳವಾರ ಬರುತ್ತೇನೆಂದು ಒಪ್ಪಿ, ಮಾತ್ರೆ, ಹನಿ ತೆಗೆದುಕೊಂಡು ಹೋದರು. ಹೋಗುವಾಗ ಆಕೆ ನನ್ನ ಭುಜ ತಟ್ಟಿ, "ನೀವಾರೂ ಹೇಳಿ ಮೇಡಂ, ಒಲೆ ಕಾವೇ ತಾನೆ?" ಎಂದಳು. ನಾನು "ಮಂಗಳವಾರ ಬನ್ನಿ ಅಕ್ಕ" ಎಂದೆ.

ಆ ವಾರ ನನ್ನ ಕೈ ನನ್ನ ಮಾತು ಕೇಳಲಿಲ್ಲ. ಯಗಟಿಯ ಶಿಬಿರದಲ್ಲಿ ಒಬ್ಬರ ಕಣ್ಣಿಗೇ ನಾಲ್ಕು ಸಲ ಟಾರ್ಚು ಹಿಡಿದೆ. "ಏನವ್ವ, ನನ್ನ ಕಣ್ಣೇನು ಬಾವಿನಾ, ಹಿಂಗೆ ಬಗ್ಗಿ ಬಗ್ಗಿ ನೋಡ್ತೀಯ? ಕೊಡ ಬಿದ್ದೈತಾ?" ಎಂದು ಒಬ್ಬ ಕುರಿ ಕಾಯುವ ಮುದುಕ ನಕ್ಕ. ಸಾಲಿನವರೆಲ್ಲ ನಕ್ಕರು. ದೇವನೂರಿನಲ್ಲಿ ಊಟಕ್ಕೆ ಕರೆದರೆ ಹೊಟ್ಟೆ ಸರಿಯಿಲ್ಲ ಎಂದು ವ್ಯಾನಿನಲ್ಲೇ ಕೂತೆ. ಮನೆಯಲ್ಲಿ ಅತ್ತೆಯ ಕಣ್ಣಿಗೆ ಟಾರ್ಚು ಬಿಟ್ಟೆ, ಇವರ ಕಣ್ಣಿಗೆ ಬಿಟ್ಟೆ. ಮತ್ತೆ ಮಾರನೆಯ ಸಂಜೆಯೂ ಬಿಟ್ಟೆ.

"ನಿನ್ನೆ ನೋಡಿದ್ಯಲ್ಲೇ, ಒಂದು ದಿನಕ್ಕೆ ಇನ್ನೇನು ಬೆಳೆದಿರ್ತದೆ ನನ್ನ ಕಣ್ಣಾಗೆ?" ಎಂದರು ಅತ್ತೆ.

ಯಾರ ಕಣ್ಣಿನಲ್ಲಿ ನೋಡಿದರೂ ಮೂಗಿನ ಕಡೆ ಒಂದು ನೆರಳು ಇದ್ದಂತೆಯೇ ಅನಿಸುತ್ತಿತ್ತು. ಕುಕ್ಕರಿನ ಮುಚ್ಚಳಕ್ಕೆ ಒಣಗಿ ಅಂಟಿದ ಅನ್ನದಗುಳನ್ನು ಉಗುರಿನಿಂದ ಕೆರೆಯುವಾಗ ಕೈ ನಿಂತುಬಿಡುತ್ತಿತ್ತು.

ಮಂಗಳವಾರ ಆಕೆ ಬರಲಿಲ್ಲ. ಬುಧವಾರ ಫೋನು ಮಾಡಿದೆ. ಸೊಸೆ ತೆಗೆದು, "ಬರಲ್ವಂತೆ ಮೇಡಂ. ಒಲೆ ಬಿಟ್ಟವ್ರೆ, ನಾನೇ ಅಡುಗೆ ಮಾಡ್ತಿದ್ದೀನಿ. ಇನ್ನು ಆ ಕಣ್ಣಿಗೆ ಏನೂ ಆಗಲ್ಲ ಅಂತಾರೆ" ಎಂದಳು.

ಇದನ್ನು ಕೇಳಿದ ಮೇಲೆ ಕೂತಲ್ಲಿ ಕೂರಲಾಗಲಿಲ್ಲ. ನಾನು ಹೇಳದೆ ಉಳಿಸಿಕೊಂಡ ಜಾಗದಲ್ಲಿ ಆಕೆ ಒಲೆಯನ್ನು ಇಟ್ಟುಕೊಂಡಿದ್ದಳು. ಒಲೆ ಬಿಟ್ಟರೆ ಕಣ್ಣು ಉಳಿಯುತ್ತದೆ ಎಂದು ನಂಬಿ ಕೂತಿದ್ದಳು. ಅಕ್ಕಿಕಾಳಿನಷ್ಟು ಅಂಟಿದ್ದು ಅಷ್ಟಕ್ಕೇ ನಿಲ್ಲುವುದಿಲ್ಲ.

ಬೀರುವಿನಿಂದ ಆ ದಿನದ ರಿಜಿಸ್ಟರು ತೆಗೆದೆ. ಕೊನೆಯ ಹೆಸರಿನ ಕೆಳಗೆ ನಾನೇ ಎಳೆದ ಒಂದು ಖಾಲಿ ಸಾಲು ಉಳಿದಿತ್ತು. ಆಕೆಯ ಹೆಸರು, ವಯಸ್ಸು ಬರೆದೆ. ಟಾರ್ಚಿನ ಅಂಕಣದಲ್ಲಿ "ನೋಡಿಲ್ಲ" ಎಂದು, ಹನಿಯ ಅಂಕಣದಲ್ಲಿ "ಎರಡೂ ಕಣ್ಣು, ಅಡುಗೆಮನೆಯಲ್ಲಿ" ಎಂದು ಬರೆದೆ. ಪಕ್ಕದಲ್ಲಿ, ಇದನ್ನು ಬರೆದದ್ದು ಇವತ್ತು ಎಂದು ತಾರೀಖು ಹಾಕಿದೆ. ಒಯ್ದು ಡಾಕ್ಟರ ಮೇಜಿನ ಮೇಲಿಟ್ಟೆ.

ಡಾಕ್ಟರು ನನಗಿಂತ ಹತ್ತು ವರ್ಷ ಚಿಕ್ಕವರು. ಎರಡು ಸಲ ಓದಿದರು.

"ಇಂಥ ಕಣ್ಣು, ಹನಿ ಹಾಕದೇ ಇದ್ರೂ ಯಾವತ್ತೋ ಒಂದು ದಿನ ಕಟ್ಕೋಬಹುದಿತ್ತು ಮೇಡಂ."

"ಹೌದು ಸರ್."

"ಆದ್ರೆ ಕಟ್ಕೊಂಡಿದ್ದು ಅವತ್ತು."

"ಹೌದು ಸರ್."

"ಮೊನ್ನೆ ಅವರು ಇಲ್ಲೇ ಕೂತಿದ್ದಾಗ ನೀವು ಪಕ್ಕದಲ್ಲೇ ಇದ್ರಿ."

ಅವರು ರಿಜಿಸ್ಟರು ಮುಚ್ಚಿ, "ಮೇಲಿನವರಿಗೆ ನಾನು ಬರೀಬೇಕಾಗುತ್ತೆ. ಅವರು ಏನು ಹೇಳ್ತಾರೋ, ಅಲ್ಲೀವರೆಗೂ ಕ್ಯಾಂಪಲ್ಲಿ ನೀವು ಹನಿ ಹಾಕೋದು ಬೇಡ" ಎಂದರು.

"ಬರೀರಿ ಸರ್. ಅದಕ್ಕೆ ಮೊದ್ಲು ನಾನು ಹೋಗಿ ಅವರಿಗೆ ಹೇಳ್ಬೇಕು. ಒಲೆ ಅಂದ್ಕೊಂಡು ಕೂತಿದ್ದಾರೆ."

"ನಾನು ಬರ್ಲಾ?"

"ಬೇಡ ಸರ್. ಹಾಕಿದವಳು ನಾನು."

ಮಾರನೆಯ ದಿನ ಬೀರೂರಿನ ಮೇಲೆ ಅಜ್ಜಂಪುರಕ್ಕೆ ಹೋಗಿ, ಅಲ್ಲಿಂದ ಹಳ್ಳಿಯ ಬಸ್ಸು ಹಿಡಿದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡೆ, ಇಳಿಯುವ ಹೊತ್ತಿಗೆ ಒಂದೂ ಉಳಿದಿರಲಿಲ್ಲ. ಮನೆ ಶಾಲೆಯ ಹಿಂದಿನ ಬೀದಿಯಲ್ಲಿ. ನಡುಮನೆಯ ಗೋಡೆಯಲ್ಲಿ ಬುದ್ಧನ ಫೋಟೋ, ಅದರ ಕೆಳಗೆ ಆಕೆ ಮೊರದಲ್ಲಿ ಅಕ್ಕಿ ಹರಡಿಕೊಂಡು ಕೂತಿದ್ದಳು. ಕಣ್ಣಿನಿಂದ ಆಗುತ್ತಿರಲಿಲ್ಲ, ಬೆರಳಿನಿಂದ ತಡವಿ ಕಲ್ಲು ಹೆಕ್ಕುತ್ತಿದ್ದಳು.

"ಬನ್ನಿ ಬನ್ನಿ ಮೇಡಂ. ಲೇ, ಕಾಫಿಗಿಡೇ" ಎಂದು ಸೊಸೆಗೆ ಕೂಗಿದಳು.

"ಕಾಫಿ ಆಮೇಲೆ ಅಕ್ಕ. ಮೊದ್ಲು ನನ್ನ ಮಾತು ಕೇಳಿ. ನಿಮ್ಮ ಕಣ್ಣು ಒಲೆ ಕಾವಿಗೆ ಹೋಗಿಲ್ಲ. ಅವತ್ತು ಅಡುಗೆಮನೇಲಿ ನಾನು ಹನಿ ಹಾಕಿದ್ನಲ್ಲ, ಅದಕ್ಕೆ ಕಣ್ಣೊಳಗೆ ನೀರು ಕಟ್ಕೊಂಡಿದ್ದು."

ಬೆರಳು ನಿಂತಿತು. "ಆ ಹನಿ ಊರೋರಿಗೆಲ್ಲ ಹಾಕಿದ್ರಲ್ಲ?"

"ಹಾಕಿದ್ದೆ. ಅವರಿಗೆಲ್ಲ ಮೊದ್ಲು ಟಾರ್ಚ್ ಬಿಟ್ಟು ನೋಡಿದ್ದೆ. ನಿಮ್ಮಂಥ ಕಣ್ಣಿಗೆ ಹಾಕ್ಬಾರದು ಅಂತ ಅದ್ರಲ್ಲಿ ಗೊತ್ತಾಗ್ತದೆ. ನಿಮಗೆ ಮಾತ್ರ ನೋಡ್ಲಿಲ್ಲ."

"ನಂಗ್ಯಾಕೆ ನೋಡ್ಲಿಲ್ಲ?"

"ನೀವು ನಮಗೆ ಊಟಕ್ಕೆ ಇಕ್ಕಿದ್ರಿ. ನಿಮ್ಮನ್ನ ಲೈನಲ್ಲಿ ನಿಲ್ಲಿಸೋಕೆ ಮನಸ್ಸು ಬರ್ಲಿಲ್ಲ."

ಆಕೆ ಮೊರವನ್ನು ಪಕ್ಕಕ್ಕಿಟ್ಟಳು. ತುಂಬ ಹೊತ್ತು ನನ್ನನ್ನೇ ನೋಡಿದಳು. ಎರಡು ಕಣ್ಣುಗಳಲ್ಲಿ ಯಾವುದು ನೋಡುತ್ತಿದೆ ಎಂದು ನನಗೆ ಗೊತ್ತಿತ್ತು. ಆದರೂ ನೋಡದ ಕಣ್ಣಿನ ಕಡೆಗೇ ನನ್ನ ಕಣ್ಣು ಹೋಗುತ್ತಿತ್ತು.

"ಹಂಗಾರೆ ನಿಮಗೆ ಅನ್ನ ಇಕ್ಕದೆ ಇದ್ದಿದ್ರೆ ನನ್ನ ಕಣ್ಣು ಇರ್ತಿತ್ತು ಅಂತೀರಿ."

ಒಳಗಿನಿಂದ ಸೊಸೆ ಬಾಗಿಲಿಗೆ ಬಂದಳು. "ಆಸ್ಪತ್ರೆಗೆ ಬಂದ್ವಲ್ಲ, ಆಗ ಬಾಯಾಗೆ ಏನ್ ಮಡಿಕ್ಕಂಡಿದ್ರಿ? ಅತ್ತೆ ಒಲೆಗೆ ಬೈಕಂಡು, ತಮ್ಮ ಹಣೇಬರಕ್ಕೆ ಬೈಕಂಡು ಕೂತವ್ರೆ. ಮನ್ಷರಾ ನೀವು?"

"ಸುಮ್ಕಿರೇ" ಎಂದಳು ಆಕೆ. ಆಮೇಲೆ ನನಗೆ, "ಈ ಕಣ್ಣು?"

"ಒಲೆ ಬಿಟ್ರೂ ಅದು ಉಳಿಯಲ್ಲ ಅಕ್ಕ. ಅದೂ ಅಂಥದ್ದೇ ಕಣ್ಣು. ಒಳಗಿನ ಮೂಲೆ ಕಿರಿದು. ಈಗ ಇನ್ನೂ ಒತ್ತಿದ್ರೆ ಬಿಡ್ತದೆ. ಒಂದು ಕಡೆ ಬಿಡ್ತಿಲ್ಲ, ಅಲ್ಲಿ ಅಂಟೋಕೆ ಶುರುವಾಗಿದೆ. ಹನಿ ಹಾಕದಿದ್ರೂ ಕಟ್ಕೋಬಹುದು. ಆ ಕಣ್ಣಿಗಾಗಿದ್ದು ಇದಕ್ಕೂ ಆಗಬಾರ್ದು ಅಂದ್ರೆ ಅದಕ್ಕೆ ದಾರಿ ಮಾಡ್ಬೇಕು."

"ತೂತು ಕೊರೆಯೋರು ಯಾರು? ನೀವಾ?"

"ಡಾಕ್ಟ್ರು."

"ನೀವೇನ್ ಮಾಡ್ತೀರಿ?"

"ತಲೆ ಅಲುಗದ ಹಂಗೆ ಹಿಂದಿಂದ ಹಿಡ್ಕೋತೀನಿ."

ಆಕೆ ಮತ್ತೆ ಮೊರ ಎಳೆದುಕೊಂಡಳು. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ. ಒಲೆಯ ಮೇಲೆ ಕಾಫಿ ಉಕ್ಕಿದ ವಾಸನೆ ಬಂತು. ಯಾರೂ ಲೋಟ ತರಲಿಲ್ಲ. ಮೂರು ಗಂಟೆಯ ಬಸ್ಸಿಗೆ ಹಿಂದಿರುಗಿದೆ.

ಶನಿವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಆಕೆ, ಸೊಸೆ ಇಬ್ಬರೂ ಬಂದರು. ಲೇಸರ್‌ಗೆ ಮೊದಲು ಪಾಪೆಯನ್ನು ಕುಗ್ಗಿಸುವ ಹನಿ ಹಾಕಬೇಕು. ಅದು ಹಿಗ್ಗಿಸುವುದಲ್ಲ, ಅದಕ್ಕೆ ವಿರುದ್ಧದ್ದು. ಬಾಟಲಿ ಹಿಡಿದು ನಾನು ಎರಡು ಹೆಜ್ಜೆ ಇಟ್ಟಿದ್ದೆ.

"ಅವರು ಹಾಕಾದು ಬ್ಯಾಡ ಸಾರ್" ಎಂದಳು ಆಕೆ, ನನ್ನ ಕಡೆ ನೋಡದೆ. "ತಲೆ ಹಿಡ್ಕಳ್ಳಿ ಬೇಕಾರೆ."

ಡಾಕ್ಟರೇ ಹಾಕಿದರು. ಮುಕ್ಕಾಲು ಗಂಟೆ ಬಿಟ್ಟು ಯಂತ್ರದ ಮುಂದೆ ಕೂರಿಸಿ, ಗದ್ದವನ್ನು ಆಸರೆಯ ಮೇಲೆ ಇಟ್ಟೆವು. ನಾನು ಹಿಂದೆ ನಿಂತು ಎರಡೂ ಅಂಗೈಯಲ್ಲಿ ತಲೆ ಹಿಡಿದೆ. ಎಣ್ಣೆ ಹಚ್ಚಿ ಬಿಗಿಯಾಗಿ ಬಾಚಿದ ಕೂದಲು. ನನ್ನ ಬೆರಳಿನ ಕೆಳಗೆ ಆಕೆಯ ನಾಡಿ ಬಡಿಯುವುದು ಗೊತ್ತಾಗುತ್ತಿತ್ತು.

ನಮ್ಮ ಕಡೆಯವರ ಕಂದು ಪರದೆ ದಪ್ಪ. ಮೊದಲ ಏಟುಗಳಿಗೆ ಅದು ಬರೀ ಸಿಡಿಯಿತು, ತೂತಾಗಲಿಲ್ಲ. ಏಳನೆಯ ಏಟಿಗೆ ಒಂದು ಎಳೆ ರಕ್ತ ಇಳಿಯಿತು. ಆಕೆ ಬೆಚ್ಚಿ ಹಿಂದಕ್ಕೆ ಎಳೆದುಕೊಂಡಾಗ ತಲೆ ನನ್ನ ಎದೆಗೆ ಬಡಿಯಿತು. ಪಕ್ಕದ ಮಾನಿಟರಿನಲ್ಲಿ ಕೆಂಪು ಕಂಡಿತು. ಈ ಕಣ್ಣೂ ಹೋಯಿತು ಎಂದೇ ಅನಿಸಿತು. ಡಾಕ್ಟರು ಮಸೂರವನ್ನು ಸ್ವಲ್ಪ ಒತ್ತಿ ಹಿಡಿದರು, ಅರ್ಧ ನಿಮಿಷಕ್ಕೆ ರಕ್ತ ನಿಂತಿತು.

"ಜಾಗ ಸ್ವಲ್ಪ ಬದಲಾಯಿಸ್ತೀನಿ. ಗಟ್ಟಿಯಾಗಿ ಹಿಡೀರಿ ಮೇಡಂ."

"ಹಿಡ್ದಿದ್ದಾರೆ ಬಿಡಿ" ಎಂದಳು ಆಕೆ, ಗದ್ದ ಅಲುಗಿಸದೆ.

ಇನ್ನೂ ನಾಲ್ಕೈದು ಏಟು. ಆಮೇಲೆ ರಂಧ್ರದಿಂದ ಕಂದು ಪುಡಿ ಬೆರೆತ ನೀರು ಹೊಗೆಯ ಹಾಗೆ ಮುಂದಕ್ಕೆ ನುಗ್ಗಿತು. ಉಬ್ಬಿದ್ದ ಪರದೆ ನಮ್ಮ ಕಣ್ಣೆದುರೇ ಹಿಂದಕ್ಕೆ ಇಳಿಯಿತು. ಒಂದು ಗಂಟೆ ಕೂರಿಸಿ ಒತ್ತಡ ನೋಡಿದೆವು, ಹದಿನೇಳು. ಕನ್ನಡಿಯ ಮಸೂರ ಇಟ್ಟು ನೋಡಿದರೆ, ಒತ್ತದೆಯೇ ಮೂಲೆ ಕಾಣುತ್ತಿತ್ತು. ಅಂಟಿದ್ದ ಅಕ್ಕಿಕಾಳಿನಷ್ಟು ಜಾಗ ಅಂಟಿಕೊಂಡೇ ಇತ್ತು. ಅದು ಬಿಡುವುದಿಲ್ಲ, ಆದರೆ ಇನ್ನು ಹರಡಲೂ ದಾರಿ ಕಡಿಮೆ ಎಂದರು ಡಾಕ್ಟರು. ಬಲಗಣ್ಣಿನ ಬಗ್ಗೆ ಸೊಸೆ ಇನ್ನೊಮ್ಮೆ ಕೇಳಿದಳು. ಅವರು ಇನ್ನೊಮ್ಮೆ ಅದೇ ಉತ್ತರ ಹೇಳಿದರು.

ಗೇಟಿನವರೆಗೆ ಜೊತೆಗೆ ಹೋದೆ. ಆಟೋ ಹತ್ತಿ ಕೂತ ಮೇಲೆ ಆಕೆ ಕೇಳಿದಳು:

"ನಮ್ ಸ್ಕೂಲಿಗೆ ಇನ್ನೊಂದು ಸಲ ಕ್ಯಾಂಪ್ ಬತ್ತೈತಾ?"

"ಬರ್ತದೆ ಅಕ್ಕ. ವರ್ಷಕ್ಕೊಂದ್ಸಲ."

"ನೀವೂ ಬತ್ತೀರಾ?"

"ಕಳಿಸಿದ್ರೆ ಬರ್ತೀನಿ."

"ಬಂದ್ರೆ ಬುತ್ತಿ ಕಟ್ಕಂಡ್ ಬನ್ನಿ" ಎಂದಳು. ಬೈಗುಳದ ದನಿಯಲ್ಲ, ತಮಾಷೆಯದೂ ಅಲ್ಲ. ಆಟೋ ಹೋಯಿತು.

ಮೇಲಿನವರ ಪತ್ರ ಆಮೇಲೆ ಬಂತು. ಆರು ತಿಂಗಳು ಶಿಬಿರದ ಕೆಲಸದಿಂದ ನನ್ನನ್ನು ಬಿಡಿಸಿ ಆಸ್ಪತ್ರೆಯೊಳಗೆ ಹಾಕಿದರು. ಈಗಲೂ ಹನಿ ಹಾಕಲು ಬಾಟಲಿ ತಲೆಕೆಳಗು ಹಿಡಿದಾಗೆಲ್ಲ ಗೋಡೆಗೆ ತಲೆ ಆನಿಸಿ, ಬಾಯಿ ಸ್ವಲ್ಪ ತೆರೆದು, ನಂಬಿಕೆಯಿಂದ ಮೇಲೆ ನೋಡುತ್ತ ನಿಂತ ಆ ಮುಖ ಕಾಣುತ್ತದೆ.

ಆ ಶನಿವಾರ ಮನೆಗೆ ಬಂದಾಗ ಏಳಾಗಿತ್ತು. ರಾಗಿಮುದ್ದೆ ಮಾಡಿದೆ, ಬೆಳಗಿನ ಹುರುಳಿಕಾಳಿನ ಸಾರು ಉಳಿದಿತ್ತು, ಬಿಸಿ ಮಾಡಿದೆ. ಅತ್ತೆ ಅರ್ಧ ಮುದ್ದೆ ಉಂಡರು, ಇವರು ಒಂದೂವರೆ. ನಾನು ಒಂದು ಮುರಿದುಕೊಂಡು ಕೂತೆ. "ಆಯಮ್ಮ ಬಂದಿದ್ಲಾ?" ಎಂದು, ನಾನು ಹಳ್ಳಿಗೆ ಹೋಗಿಬಂದದ್ದು ಗೊತ್ತಿದ್ದ ಇವರು ಕೇಳಿದರು. ಬಂದಿದ್ದರು ಎಂದೆ. "ಮತ್ತೆ?" ಎಂದರು. ಹೇಳಲು ಶುರುಮಾಡಿದೆ. ರಕ್ತ ನಿಂತ ತನಕ ಹೇಳುವಷ್ಟರಲ್ಲಿ ಇವರು ಗೋಡೆಗೆ ಒರಗಿದಲ್ಲೇ ನಿದ್ದೆಹೋಗಿದ್ದರು. ಆಮೇಲೆ ಅತ್ತೆ ಮಲಗಿದರು. ಉಳಿದದ್ದನ್ನು ಕೇಳಲು ಯಾರೂ ಎಚ್ಚರವಿರಲಿಲ್ಲ, ಪಾತ್ರೆ ತೊಳೆಯಲು ಎದ್ದೆ.